ವನ್ಯಜೀವಿ ದರ್ಶನದಲ್ಲಿ ಅಪ್ರಮಾದದ ಪಾಠ

ಕಾಲದ ಅತ್ಯಂತ ಸೂಕ್ಷ್ಮ ಅಂಶವನ್ನು ಜೈನಶಾಸ್ತ್ರವು ‘ಸಮಯ’ ಎಂದು ಕರೆದಿದೆ. ಕಳೆದ ಸಮಯವು ಮರಳುವುದಿಲ್ಲ; ಮುಂದಿನ ಸಮಯವು ಇನ್ನೂ ಬಂದಿಲ್ಲ. ಜೀವನಿಗೆ ಪುರುಷಾರ್ಥ ಸಾಧ್ಯವಾಗುವುದು ಇರುವ ಸಮಯದಲ್ಲಿ ಮಾತ್ರ. ಆದರೂ ಬಸದಿಯಲ್ಲಿ ಅಭಿಷೇಕ ನಡೆಯುತ್ತಿರುವಾಗ ಶ್ರಾವಕನ ಮನಸ್ಸು ಅಂಗಡಿಯ ಬಾಕಿಯಲ್ಲಿ, ನಾಳಿನ ಪೇಟೆಯ ಧಾರಣೆಯಲ್ಲಿ ಅಲೆಯುತ್ತದೆ. ಅಗಲಿದ ಇಷ್ಟವಸ್ತುವಿಗಾಗಿ ಕೊರಗುವುದೂ ಮುಂದಿನ ಭೋಗಕ್ಕಾಗಿ ಹಂಬಲಿಸುವುದೂ ಆರ್ತಧ್ಯಾನವೇ ಆಗಿವೆ.

ಸೊಲ್ಲಾಪುರದಿಂದ ಬಾರ್ಶಿಯ ಕಡೆಗೆ ಹೋಗುವ ದಾರಿಯಲ್ಲಿ ನಾನ್ನಜ್ ಗ್ರಾಮವಿದೆ. 1979ರಲ್ಲಿ ಸ್ಥಾಪಿತವಾದ ಪಕ್ಷಿಧಾಮದ ಹುಲ್ಲುಗಾವಲು ಅಲ್ಲಿದೆ. ಮುಂಜಾನೆ ಅಲ್ಲಿ ಚಿಗರಿಗಳ ಹಿಂಡು ಮೇಯುತ್ತದೆ. ತಲೆ ತಗ್ಗಿಸಿ ಹುಲ್ಲು ಕಚ್ಚುವುದು, ತಲೆಯೆತ್ತಿ ಕಿವಿ ನಿಮಿರಿಸುವುದು. ತೋಳದ ಸುಳಿವು ಸಿಕ್ಕರೆ ಓಡುವುದು, ಅಪಾಯ ಕಳೆದರೆ ಮತ್ತೆ ಮೇಯುವುದು. ಓಡಿದ ಓಟದ ಲೆಕ್ಕವನ್ನು ಅದು ಬರೆದಿಡುವುದಿಲ್ಲ. ಶ್ರೀ ಶಾಂತಿನಾಥ ತೀರ್ಥಂಕರರ ಲಾಂಛನವು ಜಿಂಕೆಯೇ ಎಂಬುದು ಇಲ್ಲಿ ಸ್ಮರಣೀಯ. ನೋಡುವವನೂ ಮೌನವಾಗಿ, ಸ್ಥಿರವಾಗಿ ಕುಳಿತಿರಬೇಕು. ಮನಸ್ಸು ಕ್ಷಣ ಆಚೆ ಹೋದರೆ ಹುಲ್ಲಿನಲ್ಲಿದ್ದ ಹಕ್ಕಿ ಕಣ್ಮರೆಯಾಗುತ್ತದೆ.

ಹಾಗೆಂದು ಪಶುವಿನ ಜೀವನವೇ ಆದರ್ಶವೆಂದು ತಿಳಿಯಬಾರದು. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ತಿರ್ಯಂಚ ಜೀವಿಗಳಿಗೂ ಇವೆ. ಅವುಗಳ ಎಚ್ಚರವು ಬಹುಮಟ್ಟಿಗೆ ಭಯದಿಂದ ಬಂದುದು. ಮನುಷ್ಯನ ಎಚ್ಚರವು ವಿವೇಕದಿಂದ ಬರಬೇಕು. ವರ್ತಮಾನದಲ್ಲಿರುವುದೆಂದರೆ ಹಿಂದುಮುಂದನ್ನು ಮರೆಯುವುದಲ್ಲ. ಗತದೋಷಕ್ಕೆ ಪ್ರತಿಕ್ರಮಣ, ಮುಂದಿನ ದೋಷಕ್ಕೆ ಪ್ರತ್ಯಾಖ್ಯಾನ, ಈಗಿನ ದೋಷಕ್ಕೆ ಆಲೋಚನೆ ಎಂದು ಆಚಾರ್ಯರು ಮೂರನ್ನೂ ವಿಧಿಸಿದ್ದಾರೆ. ಇವು ಮೂರನ್ನೂ ಮಾಡಬೇಕಾದುದು ಇಂದೇ.

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥಾದಲ್ಲಿ ಮೇಘಕುಮಾರನ ಪೂರ್ವಜನ್ಮದ ವೃತ್ತಾಂತವಿದೆ. ಆಗ ಅವನು ಆನೆಯಾಗಿದ್ದನು. ಕಾಳ್ಗಿಚ್ಚಿಗೆ ಹೆದರಿದ ಪ್ರಾಣಿಗಳೆಲ್ಲ ಒಂದು ಬಯಲಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಮೈ ತುರಿಸಿಕೊಳ್ಳಲು ಆನೆ ಕಾಲೆತ್ತಿತು. ಆ ತೆರಪಿನಲ್ಲಿ ಮೊಲವೊಂದು ಬಂದು ಕುಳಿತಿತು. ಕಾಲಿಡುವ ಮುನ್ನ ಆನೆ ಕೆಳಗೆ ನೋಡಿತು. ಬೆಂಕಿ ಆರುವವರೆಗೆ ಎರಡೂವರೆ ದಿನ ಮೂರೇ ಕಾಲಿನ ಮೇಲೆ ನಿಂತಿತು. ಮೊಲ ಉಳಿಯಿತು, ಆನೆ ಕುಸಿದು ಪ್ರಾಣಬಿಟ್ಟಿತು. ಆ ಒಂದು ನೋಟದಲ್ಲಿ ಒಂದು ಜೀವ ಉಳಿಯಿತು. ನಾಲ್ಕು ಮೊಳ ಮುಂದೆ ನೆಲವನ್ನು ನೋಡುತ್ತ ನಡೆಯಬೇಕೆಂಬ ಈರ್ಯಾಸಮಿತಿಯ ಸಾರವೂ ಇದೇ. ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯ ಉಮಾಸ್ವಾಮಿಗಳು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಮೈಮರೆವು ಹಿಂಸೆಯ ಬಾಗಿಲು. ಎಚ್ಚರವೇ ಅಹಿಂಸೆಯ ಬಾಗಿಲು.

ಈ ಮಾತಿಗೆ ನಾನ್ನಜ್ ಬಯಲೇ ಸಾಕ್ಷಿ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆಭೂತ ಎನಿಸಿದ ಹಕ್ಕಿಗಾಗಿಯೇ ಆ ಧಾಮವಾಯಿತು. ಅದು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಹುಲ್ಲುಗಾವಲು ಹೊಲವಾಯಿತು, ಹಾರುವ ದಾರಿಯಲ್ಲಿ ವಿದ್ಯುತ್ ತಂತಿಗಳು ಬಂದವು. ಈಗ ದೇಶದಲ್ಲಿ ಸುಮಾರು 150 ಮಾತ್ರ ಉಳಿದಿವೆಯೆಂಬ ಅಂದಾಜಿದೆ. ನಾನ್ನಜ್‌ನಲ್ಲಿಯೇ ಅದರ ದರ್ಶನ ದುರ್ಲಭವಾಗಿದೆ. ನಾಳೆ ನೋಡೋಣವೆಂದವರಿಗೆ ಆ ನಾಳೆ ಬಾರದೆಯೂ ಹೋಗಬಹುದು.

ಧರ್ಮಬಂಧುಗಳು ವಾರಕ್ಕೊಮ್ಮೆಯಾದರೂ ಮಕ್ಕಳೊಡನೆ ಎರಡು ಘಳಿಗೆ, ಅಂದರೆ ಒಂದು ಸಾಮಾಯಿಕದಷ್ಟು ಕಾಲ, 48 ನಿಮಿಷ, ಮೊಬೈಲನ್ನು ಬದಿಗಿಟ್ಟು ಮೌನದಿಂದ ಕುಳಿತು ಜೀವಿಗಳನ್ನು ನೋಡಬೇಕು. ಕಾಡಿಗೇ ಹೋಗಬೇಕೆಂದಿಲ್ಲ; ಅಂಗಳದ ಗುಬ್ಬಿಯೂ ಸಾಕು. ಕರೆಯಬಾರದು, ಬೆದರಿಸಬಾರದು, ಹಿಡಿಯಬಾರದು. ಪರಜೀವಿಯ ಮುಂದೆ ಹೀಗೆ ಎಚ್ಚರದಿಂದ ಕುಳಿತ ಮನಸ್ಸು ಜಿನಬಿಂಬದ ಮುಂದೆಯೂ ಸ್ಥಿರವಾಗಿ ನಿಲ್ಲಬಲ್ಲುದು.