ಯಂತ್ರದ ವೈಸೂ ಕೈಗಳ ಕ್ಷೇಮವೂ

ಮಿರ್ಲೆಯ ಸೀಮೆಯಲ್ಲಿ ಕುಲುಮೆಯ ಕೆಲಸವನ್ನು ಕಂಡವರು ಬಲ್ಲರು: ಕಮ್ಮಾರನು ಕಾದ ಕಬ್ಬಿಣವನ್ನು ಇಕ್ಕಳದಿಂದ ಹಿಡಿಯುವನೇ ಹೊರತು ಕೈಯಿಂದಲ್ಲ. ಯಂತ್ರಶಾಲೆಯಲ್ಲಿ ಇಕ್ಕಳದ ಸ್ಥಾನವು ವೈಸಿನದು. ಅದರಲ್ಲಿ ಒಂದು ದವಡೆ ಸ್ಥಿರವಾದುದು. ಇನ್ನೊಂದು ತಿರುಪಿನಿಂದ ಸರಿಯುವುದು. ಹರಿಹರದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಇವು ನಮ್ಮ ನಾಡಿನಲ್ಲಿಯೇ ಲೇತು ಮೊದಲಾದುವನ್ನು ನಿರ್ಮಿಸಿದುವು. ಯಂತ್ರವು ಯಾವುದಾದರೂ ಹಿಡಿತವು ಭದ್ರವಾಗಿರಬೇಕೆಂಬ ನಿಯಮವು ಒಂದೇ.

ಕೊರೆಯುವ ಯಂತ್ರದಲ್ಲಿ ಅಪಾಯವು ಹೆಚ್ಚಾಗಿ ರಂಧ್ರದ ಕೊನೆಯಲ್ಲಿ ಬರುವುದು. ಡ್ರಿಲ್ಲು ಆಚೆಗೆ ಹೊರಡುವಾಗ ಅದರ ಅಲಗು ಉಳಿದ ತೆಳುವಾದ ಲೋಹವನ್ನು ಕಚ್ಚಿ, ತುಂಡನ್ನು ತನ್ನೊಡನೆ ತಿರುಗಿಸುವುದು. ಕೈಯಲ್ಲಿ ಹಿಡಿದ ತಗಡು ಆಗ ಕತ್ತಿಯಂತೆ ಸುತ್ತುವುದು. ಆದುದರಿಂದ ವೈಸನ್ನು ಮೇಜಿಗೆ ಬೋಲ್ಟುಗಳಿಂದ ಬಿಗಿಯತಕ್ಕದ್ದು; ಕೊನೆಯಲ್ಲಿ ಒತ್ತಡವನ್ನು ತಗ್ಗಿಸತಕ್ಕದ್ದು.

ಇನ್ನು ನಾವು ಪಾಲಿಸಬೇಕಾದ ಕ್ರಮವಿದು:

1. ದವಡೆಗಳಲ್ಲಿರುವ ಲೋಹದ ಚೂರುಗಳನ್ನು ಬ್ರಷ್ಷಿನಿಂದ ತೆಗೆಯಬೇಕು. ಒಂದು ಚೂರು ನಡುವೆ ಸಿಕ್ಕಿದರೂ ಹಿಡಿತವು ಸಡಿಲವಾಗುವುದು.

2. ತುಂಡನ್ನು ದವಡೆಗಳ ಮಧ್ಯದಲ್ಲಿ, ಸಾಧ್ಯವಾದಷ್ಟು ಆಳಕ್ಕೆ ಕೂರಿಸಬೇಕು. ಒಂದು ತುದಿಯಲ್ಲಿಯೇ ಹಿಡಿಯಬೇಕಾದರೆ, ಇನ್ನೊಂದು ತುದಿಗೆ ಅಷ್ಟೇ ದಪ್ಪದ ತುಂಡನ್ನು ಕೊಡಬೇಕು.

3. ಹಿಡಿಯನ್ನು ಕೈಬಲದಿಂದಲೇ ಬಿಗಿಯಬೇಕು. ಸುತ್ತಿಗೆಯಿಂದ ಹೊಡೆಯಲಾಗದು, ಕೊಳವೆಯನ್ನು ಸಿಕ್ಕಿಸಲಾಗದು. ಬಿಚ್ಚಿ ತೆಗೆಯುವ ಹಿಡಿಯಾದರೆ, ಯಂತ್ರವನ್ನು ನಡೆಯಿಸುವ ಮೊದಲೇ ತೆಗೆದಿಡಬೇಕು.

4. ಸೆರಗನ್ನು ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿ, ಬಳೆಗಳನ್ನು ಕಳಚಿರಬೇಕು. ತಿರುಗುವ ಡ್ರಿಲ್ಲಿನ ಬಳಿ ಕೈಚೀಲವೂ ಕೂಡದು. ಕಣ್ಣಿಗೆ ರಕ್ಷೆಯ ಕನ್ನಡಕವು ಅವಶ್ಯಕ.

5. ಅಳೆಯುವುದಕ್ಕಾಗಲಿ ಚೂರು ತೆಗೆಯುವುದಕ್ಕಾಗಲಿ ಯಂತ್ರವು ಪೂರ್ಣವಾಗಿ ನಿಂತ ಮೇಲೆಯೇ ಕೈ ಹಾಕಬೇಕು.

ಬಿಗಿಯುವುದಕ್ಕೆ ಬೇಕಾದುದು ಕೆಲವು ನಿಮಿಷಗಳು. ಬೆರಳು ಹೋದರೆ ಮರಳಿ ಬಾರದು. ಕುಶಲತೆಯ ಮೊದಲ ಪಾಠವು ಭದ್ರವಾಗಿ ಹಿಡಿಯುವುದೇ ಎಂಬುದನ್ನು ನಾವು ಮರೆಯದಿರೋಣ.