ರುದ್ರನಾಟಕಗಳು ಬಾಳುವುದೇಕೆ?

ಯವನಕವಿ ಸಾಫೋಕ್ಲಿಸನು ಸುಮಾರು 2400 ವರ್ಷಗಳ ಹಿಂದೆ ರಚಿಸಿದ ‘ಏಜಾಕ್ಸ್’ ನಾಟಕವನ್ನು ಆಧರಿಸಿ ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ಎಂಬ ಕನ್ನಡ ರುದ್ರನಾಟಕವನ್ನು ಕೊಟ್ಟರು. ಪುರಾಣದ ಚಿರಂಜೀವಿಯು ಅಲ್ಲಿ ಮಡಿಯುವನು.

ಮೂಲದಲ್ಲಿ ವೀರನಾದ ಏಜಾಕ್ಸನು ಅವಮಾನದಿಂದ ಮತಿಗೆಟ್ಟು, ವೈರಿಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು, ತಿಳಿವು ಬಂದ ಮೇಲೆ ನಾಚಿಕೆಯಿಂದ ತನ್ನ ಕತ್ತಿಯ ಮೇಲೆಯೇ ಬಿದ್ದು ಸಾಯುವನು. ಸತ್ಯವೇದದ ಅರಸನಾದ ಸೌಲನ ಅಂತ್ಯವೂ ಹೀಗೆಯೇ ಅಲ್ಲವೇ?

ಇಂಥ ದುಃಖಕಥೆಯನ್ನು ಓದುವುದೇಕೆ? ಏಜಾಕ್ಸನ ಶವಕ್ಕೆ ಮಣ್ಣುಕೊಡಬಾರದೆಂದು ನಾಯಕರು ತಡೆದಾಗ, ಅವನ ವೈರಿಯಾದ ಒಡಿಸಿಯಸನೇ ಅವನ ಪರವಾಗಿ ನಿಂತನು. ಸೌಲನಿಂದ ಹಿಂಸೆಪಟ್ಟ ದಾವೀದನೇ ಸೌಲನಿಗಾಗಿ ಅತ್ತನು. ಬಿದ್ದವರನ್ನು ಕಂಡು ಹಿಗ್ಗದೆ, ನಾವೂ ಬೀಳಬಲ್ಲವರೆಂದು ಅರಿತು ಕನಿಕರಿಸುವುದನ್ನು ಈ ನಾಟಕಗಳು ಕಲಿಸುವವು. ಆದುದರಿಂದಲೇ ಅವು ಬಾಳಿವೆಯೆಂದು ನಾವು ನಂಬುತ್ತೇವೆ. ವಿದ್ಯಾರ್ಥಿನಿಯರೇ, ತಪ್ಪಿ ನಡೆದ ಗೆಳತಿಯ ವಿಷಯದಲ್ಲಿ ಈ ಪಾಠವನ್ನು ಮರೆಯದಿರಿ.