ನಮ್ಮ ಮಾಗಡಿ ಕೆರೆ ಮತ್ತು ಹೆಬ್ಬಾತು



ಮಾಗಡಿ ಎಂದ ಕೂಡಲೇ ಹೊರಗಿನವರು ಕೆಂಪೇಗೌಡರ ಮಾಗಡಿ ಅಂದುಕೊಳ್ಳುತ್ತಾರೆ. ಅದು ಬೆಂಗಳೂರು ಕಡೆಯದು. ನಮ್ಮದು ಗದಗ ಜಿಲ್ಲೆ, ಶಿರಹಟ್ಟಿ ತಾಲೂಕಿನ ಮಾಗಡಿ. ನಮ್ಮ ಕೆರೆ ಸುಮಾರು 134 ಎಕರೆ ಇದೆ. ಇದು ತಾನಾಗಿ ಆದದ್ದಲ್ಲ, ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲು ಹಿರಿಯರು ಕಟ್ಟಿಸಿದ ಕೆರೆ. ನಮ್ಮ ಸೀಮೆಗೆ ಕೆರೆ ಎಷ್ಟು ಹಳೆಯದು ಎಂಬುದಕ್ಕೆ ಹತ್ತಿರದ ಲಕ್ಷ್ಮೇಶ್ವರವೇ ಸಾಕ್ಷಿ. ಅದರ ಹಿಂದಿನ ಹೆಸರು ಪುಲಿಗೆರೆ. ಪುಲಿ ಎಂದರೆ ಹುಲಿ, ಗೆರೆ ಎಂದರೆ ಕೆರೆ. 10ನೇ ಶತಮಾನದ ಪಂಪ ತನ್ನ ಕಾವ್ಯದ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ.

ಈಗ ಸುದ್ದಿ. 2024ರ ಜನವರಿ 31ರಂದು ನಮ್ಮ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದ ಸಂಗತಿ ಪ್ರಕಟವಾಯಿತು. ರಾಮ್ಸಾರ್ ಇರಾನ್ ದೇಶದ ಒಂದು ಊರು. 1971ರಲ್ಲಿ ಅಲ್ಲಿ ಹಲವು ದೇಶಗಳು ಸೇರಿ ಕೆರೆ, ಜೌಗು, ಅಳಿವೆಗಳನ್ನು ಉಳಿಸುವ ಒಪ್ಪಂದ ಮಾಡಿಕೊಂಡವು. ಕರ್ನಾಟಕದಿಂದ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತ್ತು. ನಮ್ಮ ಕೆರೆಯ ಜೊತೆಗೆ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಇಲ್ಲಿ 166 ಜಾತಿಯ ಹಕ್ಕಿಗಳಿವೆ ಎಂದು ಆ ಪಟ್ಟಿಯ ವಿವರದಲ್ಲಿದೆ. ಚಳಿಗಾಲಕ್ಕೆ ಸುಮಾರು 8,000 ಪಟ್ಟೆತಲೆ ಹೆಬ್ಬಾತು ಬರುತ್ತವೆ ಎಂದೂ ಇದೆ. ಒಂದು ಹಕ್ಕಿ ಎರಡೂವರೆ ಕಿಲೋ ಎಂದು ಹಿಡಿದು ನಾನು ಲೆಕ್ಕ ಮಾಡಿದೆ. 200 ಕ್ವಿಂಟಲ್ ಹಕ್ಕಿ ಆಯಿತು!

ಈ ಹಕ್ಕಿಯನ್ನು ಗುರುತಿಸುವುದು ಸುಲಭ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ. ಮೊಟ್ಟೆ ಇಡುವುದು ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಹಿಮಾಲಯ ದಾಟಿ ಈ ಕಡೆ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಎವರೆಸ್ಟ್ ಮೇಲೆಯೇ ಹಾರುತ್ತವೆ ಎಂದು ಕೆಲವರು ಹೇಳುವುದುಂಟು. ಆದರೆ ಯಂತ್ರ ಕಟ್ಟಿ ನೋಡಿದಾಗ ಅವು ಕಣಿವೆ ಇಳಿದು, ಗುಡ್ಡ ಏರಿ, ನೆಲದ ಏರಿಳಿತದ ಜೊತೆಗೇ ಹಾರುವುದು ತಿಳಿಯಿತು. ಏಕೆಂದರೆ ಕೆಳಗಿನ ಗಾಳಿ ದಟ್ಟ, ರೆಕ್ಕೆಗೆ ಶ್ರಮ ಕಡಿಮೆ. ಹಾಗಿದ್ದರೂ ಕೆಲವು 7,000 ಮೀಟರಿಗಿಂತ ಮೇಲೆ ಹೋಗಿವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ನಾವಾದರೆ ಅಲ್ಲಿ ಎರಡು ಹೆಜ್ಜೆಗೇ ಏದುಸಿರು ಬಿಡುತ್ತೇವೆ.

ಇಷ್ಟು ಪಾಠ. ಇನ್ನು ನಮ್ಮ ಮನೆಯ ಮಾತು.

ಹೆಬ್ಬಾತು ಮೀನು ತಿನ್ನುವ ಹಕ್ಕಿ ಅಲ್ಲ. ಹಗಲು ಕೆರೆಯಲ್ಲಿ ನಿದ್ದೆ, ಕತ್ತಲಾದ ಮೇಲೆ ಹೊಲದಲ್ಲಿ ಮೇಯುವುದು. ಹುಲ್ಲು, ಎಳೆ ಪೈರು, ಉದುರಿದ ಕಾಳು, ಶೇಂಗಾ ಎಲ್ಲಾ ಆಗುತ್ತದೆ. ನಮ್ಮ ಹೊಲ ಕೆರೆ ದಂಡೆಗೇ ಇದೆ. ಹೋದ ಹಿಂಗಾರಿಯಲ್ಲಿ ಕಡಲೆ ನಾಲ್ಕು ಸಾಲು ಬೋಳಾಗಿತ್ತು. ಅಪ್ಪ ನೋಡಿ, "ಪಟ್ಟ ಕೆರಿಗೆ ಬಂತು, ಕಡ್ಲಿ ನಮ್ಮದು ಹೋತು" ಅಂದರು. ಅಜ್ಜಿ ಮಾತ್ರ, "ಕೆರಿ ತುಂಬಿದ್ರ ಹಕ್ಕಿ ಬರ್ತಾವ, ಕೆರಿ ತುಂಬಿದ್ರನ ನಮಗೂ ಬೆಳಿ. ಒಣಗಿದ ವರ್ಷ ಎರಡೂ ಇಲ್ಲ ನೋಡಪಾ" ಅಂದಳು. ಇಬ್ಬರ ಮಾತೂ ಖರೆ.

ಹಕ್ಕಿ ನಮ್ಮ ಅತಿಥಿ ಎಂದು ಭಾಷಣದಲ್ಲಿ ಹೇಳುತ್ತಾರೆ. ಆದರೆ ಆ ಅತಿಥಿಗೆ ಬಡಿಸುವವರು ದಂಡೆಯ ಹೊಲದವರು ಮಾತ್ರ, ಫೋಟೋ ತೆಗೆದವರಲ್ಲ. ಹಾಗಂತ ಪಟಾಕಿ ಹೊಡೆದರೆ ಅವೇನು ಮಂಗೋಲಿಯಾಕ್ಕೆ ಹೋಗುತ್ತವೆಯೇ? ಪಕ್ಕದ ಹೊಲಕ್ಕೆ ಹೋಗುತ್ತವೆ, ಆಮೇಲೆ ನಮ್ಮ ನಮ್ಮಲ್ಲೇ ಜಗಳ. ಇನ್ನೊಂದು ಮಾತು: ಕಲ್ಲು ಬೀಳುವುದು ಹೆಚ್ಚಾಗಿ ಹಗಲು ಕಾಣುವ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳಿಗೆ. ಪಾಪ, ಅವು ಮೀನು, ಕಪ್ಪೆ, ಹುಳ ತಿನ್ನುವಂಥವು. ಪೈರು ಮುಟ್ಟುವುದೇ ಇಲ್ಲ.

ನಷ್ಟವೂ ಎಲ್ಲಾ ತಿಂಗಳು ಒಂದೇ ಅಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ಕಾಳು ಆರಿಸಿದರೆ ಯಾರಿಗೂ ನಷ್ಟವಿಲ್ಲ, ಹಿಕ್ಕೆ ಬಿದ್ದು ಗೊಬ್ಬರವೇ ಆಗುತ್ತದೆ. ಪೈರು ಎಳೆಯದಿದ್ದಾಗ ಬಂದರೆ ಮಾತ್ರ ಪೆಟ್ಟು. ಆ ದಿನಗಳು ಯಾವುವು ಎಂದು ಗೊತ್ತಾದರೆ ಸರದಿ ಮೇಲೆ ಕಾಯಬಹುದು. ಪರಿಹಾರ ಕೇಳಲು ಹೋದರೂ ಕೈಯಲ್ಲಿ ದಾಖಲೆ ಇರುತ್ತದೆ. ಬರೀ ಬಾಯಿಮಾತಿಗೆ ಯಾರು ಕಿವಿಗೊಡುತ್ತಾರೆ?

ಅದಕ್ಕೇ ಈ ಪತ್ರಿಕೆಯ ಕೆಳಗೆ ಗೆರೆ ಎಳೆದ ಒಂದು ಹಾಳೆ ಅಂಟಿಸಿದ್ದೇನೆ. ಮೊದಲ ಹೆಬ್ಬಾತು ಕಂಡ ದಿನ, ಯಾವ ಹೊಲ, ಯಾವ ಬೆಳೆ, ಬಿತ್ತಿ ಎಷ್ಟು ದಿನವಾಗಿತ್ತು, ಕೆರೆ ನೀರು ಎಲ್ಲಿಯವರೆಗೆ ಇತ್ತು, ಇಷ್ಟನ್ನು ಮನೆಯಲ್ಲಿ ಕೇಳಿಕೊಂಡು ಬಂದು ಬರೆಯಿರಿ. ದಂಡೆ ಓಣಿಯವರು ಮೊದಲು ಬರೆಯಬೇಕು. ಪೆನ್ಸಿಲನ್ನು ದಾರಕ್ಕೆ ಕಟ್ಟಿದೆ, ದಯಮಾಡಿ ಯಾರೂ ಒಯ್ಯಬೇಡಿ.